ಫ್ರೀ ಟಿಕೆಟ್ಟಿನ ಲೆಕ್ಕ

‘ಈ ಕಾರ್ಡ್ ತಗೊಳ್ಳಿ ಮೇಡಂ, ವಿಮಾನದ ಟಿಕೆಟ್ ಫ್ರೀ!’ ಮಾಲ್‌ನಲ್ಲಿ ಟೈ ಕಟ್ಟಿದ ಹುಡುಗ ಹೀಗಂದರೆ ಯಾರಿಗೆ ತಾನೇ ಆಸೆಯಾಗಲ್ಲ? ದೆಹಲಿಯಲ್ಲಿರೋ ಮಗಳನ್ನು ನೋಡಿ ಬರಬಹುದಲ್ಲ ಅನ್ನಿಸುತ್ತೆ. ಆದರೆ ಸಹಿ ಹಾಕುವ ಮುನ್ನ ಒಂದಿಷ್ಟು ಲೆಕ್ಕ ಹಾಕೋಣ ಬನ್ನಿ.

ಟಿಕೆಟ್ ಬೆಲೆ 6,000 ರೂಪಾಯಿ ಅಂದುಕೊಳ್ಳಿ. 8,000 ಮೈಲ್ಸ್ ಕೊಟ್ಟರೂ ತೆರಿಗೆ, ಶುಲ್ಕ ಅಂತ 1,200 ಕೈಯಿಂದಲೇ ಕಟ್ಟಬೇಕು. ಉಳಿದದ್ದು 4,800. ಅಂದರೆ ಒಂದು ಮೈಲ್‌ಗೆ ಬರೀ 60 ಪೈಸೆ. ನೂರು ರೂಪಾಯಿ ಖರ್ಚಿಗೆ 2 ಮೈಲ್ಸ್ ಕೊಡುವ ಕಾರ್ಡಾದರೆ, ಅಷ್ಟು ಸೇರಿಸಲು 4 ಲಕ್ಷ ಖರ್ಚು ಮಾಡಬೇಕು! ವಾರ್ಷಿಕ ಶುಲ್ಕ 3,000 ಇದ್ದರೆ, 18% ಜಿಎಸ್‌ಟಿ ಸೇರಿ 3,540 ಕಳೆಯಿರಿ. ದಕ್ಕಿದ್ದು 1,260 ಅಷ್ಟೇ. ಒಂದೇ ತಿಂಗಳು 40,000 ಬಾಕಿ ಉಳಿಸಿಕೊಂಡಿರೋ, ತಿಂಗಳಿಗೆ 3.5% ಬಡ್ಡಿಯಂತೆ 1,400 ಹೋಯ್ತು, ಅದಕ್ಕೂ ಜಿಎಸ್‌ಟಿ ಬೇರೆ. ಫ್ರೀ ಟಿಕೆಟ್ ಗೋವಿಂದ!

ಲೌಂಜ್ ಊಟ ಅಂತೀರಾ? ವರ್ಷಕ್ಕೊಮ್ಮೆ ವಿಮಾನ ಹತ್ತುವವರಿಗೆ ಮನೆಯ ಪುಳಿಯೋಗರೆ ಡಬ್ಬಿಯೇ ಸಾಕು. ಐದಾರು ಸಲ ಹಾರುವವರು, ಬಿಲ್ ಪೂರ್ತಿ ಕಟ್ಟುವವರು ಧಾರಾಳವಾಗಿ ಕಾರ್ಡ್ ತಗೊಳ್ಳಿ.

ಮೈಲ್ಸನ್ನು ಮಾತ್ರ ಚಿನ್ನದ ಹಾಗೆ ಕೂಡಿಡಬೇಡಿ. ನಮ್ಮ ಬೆಂಗಳೂರಿನ ಕಿಂಗ್‌ಫಿಶರ್ 2012ರಲ್ಲಿ ಹಾರಾಟ ನಿಲ್ಲಿಸಿದಾಗ, ಮೈಲ್ಸ್ ಕೂಡಿಟ್ಟವರಿಗೆ ಹತ್ತಲು ಅದರ ವಿಮಾನವೇ ಇರಲಿಲ್ಲ. 2024ರಲ್ಲಿ ವಿಸ್ತಾರ ಏರ್ ಇಂಡಿಯಾದಲ್ಲಿ ವಿಲೀನವಾದಾಗ ಪಾಯಿಂಟ್ಸ್ ಉಳಿದವು, ಪುಣ್ಯ. ಮಗಳ ಊರಿಗೆ ಸಾಲುವಷ್ಟು ಸೇರಿತೇ? ಬುಕ್ ಮಾಡಿಬಿಡಿ. ದಸರಾ ರಜೆ ಬರಲಿ ಅಂತ ಕೂತರೆ ಮೈಲ್ಸ್ ಸೀಟು ಸಿಗೋದೇ ಕಷ್ಟ.