ಬೋರ್ಡು ನೋಡಬೇಡಿ, ಮಾಲೀಕರನ್ನು ಕೇಳಿ

ಬಾಗಲವಾಡದ ಹಿರಿಯರು ಇವತ್ತಿಗೂ "ಈಟಿವಿ ಹಚ್ಚಪಾ" ಅಂತಾರೆ. ಆ ಹೆಸರು ಹೋಗಿ ಎಷ್ಟೋ ವರ್ಷ ಆಯಿತು.

ರಾಮೋಜಿರಾವ್ ಬಳಗ ಈಟಿವಿ ಕನ್ನಡ ಶುರು ಮಾಡಿದ್ದು 2000ರಲ್ಲಿ. 'ಈ' ಬಂದಿದ್ದು ತೆಲುಗಿನ 'ಈನಾಡು' ಪತ್ರಿಕೆಯಿಂದ. 2014ರಲ್ಲಿ ಟಿವಿ18 ಚಾನೆಲ್ ಕೊಂಡಿತು, ಮರುವರ್ಷ ಕಲರ್ಸ್ ಕನ್ನಡ ಅಂತ ಬೋರ್ಡು ಹಾಕಿತು. ಮರಾಠಿ, ಬಂಗಾಳಿ, ಗುಜರಾತಿ, ಒಡಿಯಾ ಚಾನೆಲ್‌ಗಳಿಗೂ ಅದೇ ಇಂಗ್ಲಿಷ್ ಬೋರ್ಡು. ನಮ್ಮಲ್ಲಿ 'ಬಣ್ಣ' ಅನ್ನುವ ಪದಕ್ಕೇನು ಬರ ಇತ್ತೇ?

ಹಾಲಿವುಡ್‌ನಲ್ಲೂ ಇದೇ ಕತೆ. 2019ರಲ್ಲಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸ್ಟುಡಿಯೋ ಡಿಸ್ನಿ ಪಾಲಾಯಿತು. ಮರುವರ್ಷ ಹೆಸರಿನಿಂದ 'ಫಾಕ್ಸ್' ಕಿತ್ತುಹಾಕಿದರು.

ಆದರೆ ಹೆಸರಿಗಾಗಿ ಅಳುವುದು ನಮ್ಮ ವಾದ ಅಲ್ಲ. ಹೆಸರು ಬದಲಾದಾಗ ಡಂಗುರ ಸಾರುತ್ತಾರೆ, ನಮಗೆ ಗೊತ್ತಾಗುತ್ತದೆ. ಹೆಸರು ಬದಲಾಗದೆ ಮಾಲೀಕರು ಬದಲಾದಾಗ? 2024ರ ನವೆಂಬರ್‌ನಲ್ಲಿ ರಿಲಯನ್ಸ್ ಮತ್ತು ಡಿಸ್ನಿಯ ಟಿವಿ ವ್ಯವಹಾರ ಒಂದಾಯಿತು. ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಎರಡೂ ಈಗ ಜಿಯೋಸ್ಟಾರ್‌ನವು. ರಿಮೋಟ್‌ನಲ್ಲಿ ಬಟನ್ ಎರಡು, ಮನೆ ಒಂದೇ. ಒಂದು ಬೇಡ ಅಂತ ಇನ್ನೊಂದಕ್ಕೆ ಹೋದರೂ ನಮ್ಮ ರೀಚಾರ್ಜ್ ದುಡ್ಡು ಅದೇ ಗಲ್ಲಾಪೆಟ್ಟಿಗೆಗೆ. ಪೈಪೋಟಿ ಇಲ್ಲದ ಮೇಲೆ ರಾಯಚೂರಿನ ಮಾತು, ರಾಯಚೂರಿನ ಬದುಕು ತೋರಿಸುವ ಗರಜು ಯಾರಿಗಿದೆ?

ಸಂತೆಯಲ್ಲಿ ಎತ್ತು ಕೈಬದಲಾದರೆ ಕೊಂಡವರು ಯಾರು ಅಂತ ಊರಿಗೆಲ್ಲ ಗೊತ್ತಿರುತ್ತದೆ. ಚಾನೆಲ್‌ಗೇಕೆ ಗುಟ್ಟು? ಪರದೆ ಮೇಲೆ ಚಾನೆಲ್ ಹೆಸರಿನ ಕೆಳಗೆ ಮಾಲೀಕರ ಹೆಸರೂ ಕನ್ನಡದಲ್ಲಿ ಬರಲಿ. ಅಲ್ಲಿತನಕ ನಾವೇ ಕೇಳೋಣ. 2019ರಿಂದ ಬೇಕಾದ ಚಾನೆಲ್ ಬಿಡಿಬಿಡಿಯಾಗಿ ಆರಿಸುವ ಹಕ್ಕು ನಮಗಿದೆ. ಮುಂದಿನ ರೀಚಾರ್ಜ್‌ಗೆ ಮೊದಲು ಒಮ್ಮೆ ಪಟ್ಟಿ ನೋಡಿ.