ಗಂಟೆಗಳ ಲೆಕ್ಕದಲ್ಲಿ ಗಡಿನಾಡು: ಯುರೋಪಿನ ಉದ್ಯೋಗ ಅಂಕಿಅಂಶಗಳನ್ನು ನಾವು ಓದಬೇಕಾದ ಬಗೆ

ವಾರಕ್ಕೆ ಎಷ್ಟು ಗಂಟೆ ದುಡಿಯಬೇಕೆಂಬ ಚರ್ಚೆ ಕೆಲವು ವರ್ಷಗಳಿಂದ ನಮ್ಮ ದೇಶದಲ್ಲಿ ಮತ್ತೆ ಮತ್ತೆ ತಲೆಯೆತ್ತುತ್ತಿದೆ. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್‌ನ ಎನ್.ಆರ್. ನಾರಾಯಣಮೂರ್ತಿಯವರು ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. ಮಹಾಯುದ್ಧದ ಬಳಿಕದ ಜರ್ಮನಿ ಮತ್ತು ಜಪಾನನ್ನು ಮಾದರಿಯಾಗಿ ತೋರಿಸಿದರು. 2025ರ ಜನವರಿಯಲ್ಲಿ ಎಲ್ ಆಂಡ್ ಟಿ ಅಧ್ಯಕ್ಷರ ಬಾಯಲ್ಲಿ ಅದು 90 ಗಂಟೆಯಾಯಿತು. ಈ ನಡುವೆ ಕರ್ನಾಟಕವು 2023ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರದ 48 ಗಂಟೆಯ ಮಿತಿಯನ್ನು ಉಳಿಸಿಕೊಂಡೇ ದಿನದ ದುಡಿಮೆಯನ್ನು 12 ಗಂಟೆಯವರೆಗೆ ವಿಸ್ತರಿಸಲು ಅವಕಾಶ ಕಲ್ಪಿಸಿತು.

ಶಾಲೆ ಮುಗಿಸಿದ ನಮ್ಮ ಮಕ್ಕಳಲ್ಲಿ ಬಹಳಷ್ಟು ಮಂದಿ ದುಡಿಯಲು ಹೋಗುವುದು ಮಂಗಳೂರಿಗೆ ಅಥವಾ ಬೆಂಗಳೂರಿಗೆ. ಆದುದರಿಂದ ಈ ಚರ್ಚೆ ಕಾಸರಗೋಡಿನ ಕನ್ನಡ ಮನೆಗಳಿಗೆ ದೂರದ್ದಲ್ಲ. ಚರ್ಚೆಯಲ್ಲಿ ಎರಡೂ ಕಡೆಯವರು ಯುರೋಪಿನ ಅಂಕಿಗಳನ್ನು ಎತ್ತಿ ಹೇಳುವುದರಿಂದ, ಆ ಅಂಕಿಗಳು ಏನನ್ನು ಹೇಳುತ್ತವೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಮೊದಲು ಪರಿಶೀಲಿಸೋಣ.

ಯುರೋಪಿನ ಪಟ್ಟಿ

ಯುರೋಪಿಯನ್ ಒಕ್ಕೂಟದ ಅಂಕಿಅಂಶ ಸಂಸ್ಥೆ ಯುರೋಸ್ಟಾಟ್ ಪ್ರಕಾರ, 2024ರಲ್ಲಿ ಅಲ್ಲಿ 20ರಿಂದ 64 ವರ್ಷದ ಉದ್ಯೋಗಸ್ಥರು ಮುಖ್ಯ ಉದ್ಯೋಗದಲ್ಲಿ ದುಡಿದದ್ದು ವಾರಕ್ಕೆ ಸರಾಸರಿ 36 ಗಂಟೆ. ಪಟ್ಟಿಯ ಮೇಲ್ತುದಿಯಲ್ಲಿ ಗ್ರೀಸ್ ಇದೆ: 39.8 ಗಂಟೆ. ಕೆಳತುದಿಯಲ್ಲಿ ನೆದರ್‌ಲ್ಯಾಂಡ್ಸ್: 32.1 ಗಂಟೆ. ಮಾದರಿಯೆಂದು ಹೆಸರಿಸಲ್ಪಟ್ಟ ಜರ್ಮನಿ ಇಂದು 33.9 ಗಂಟೆಯಲ್ಲಿ ನಿಂತಿದೆ. ಆದರೂ ಒಂದು ಗಂಟೆಯ ದುಡಿಮೆಯಿಂದ ಜರ್ಮನಿಯಲ್ಲಿ ಹುಟ್ಟುವ ಮೌಲ್ಯ ಗ್ರೀಸಿನದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ಯಂತ್ರ, ತರಬೇತಿ, ಉದ್ಯಮದ ಸ್ವರೂಪಗಳು ಈ ಅಂತರಕ್ಕೆ ಕಾರಣ. ಹೆಚ್ಚು ಗಂಟೆ ದುಡಿದ ದೇಶವೇ ಹೆಚ್ಚು ಸಿರಿವಂತ ಎಂಬ ಮಾತು ಇಲ್ಲಿಯೇ ಸಡಿಲಗೊಳ್ಳುತ್ತದೆ.

ಹಾಗೆಂದು ಡಚ್ಚರು ಸೋಮಾರಿಗಳೆಂದಾಗಲಿ, ಕಡಿಮೆ ದುಡಿದರೆ ಸಾಕೆಂದಾಗಲಿ ತೀರ್ಮಾನಿಸುವುದೂ ಅವಸರವೇ ಆದೀತು. ಅದೇ ವರ್ಷ, ಅದೇ ವಯೋಮಾನದವರಲ್ಲಿ ಉದ್ಯೋಗದಲ್ಲಿದ್ದವರ ಪ್ರಮಾಣ ನೆದರ್‌ಲ್ಯಾಂಡ್ಸಿನಲ್ಲಿ ಶೇ. 83.5, ಗ್ರೀಸಿನಲ್ಲಿ ಶೇ. 69.3 ಮಾತ್ರ. ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇರಿಸಿದಾಗಲೇ ಅರ್ಥ ಹೊರಡುತ್ತದೆ.

ಇದನ್ನು ಏಳನೆಯ ತರಗತಿಯ ಮಕ್ಕಳಿಗೂ ತಿಳಿಯುವ ಲೆಕ್ಕವಾಗಿ ಹೇಳಬಹುದು. ಒಂದು ಮನೆಯಲ್ಲಿ ಗಂಡ ವಾರಕ್ಕೆ 40 ಗಂಟೆ, ಹೆಂಡತಿ 24 ಗಂಟೆ ಉದ್ಯೋಗ ಮಾಡುತ್ತಾರೆ. ಒಟ್ಟು 64 ಗಂಟೆ, ಸರಾಸರಿ 32. ಇನ್ನೊಂದು ಮನೆಯಲ್ಲಿ ಗಂಡ ಮಾತ್ರ 40 ಗಂಟೆ ಉದ್ಯೋಗ ಮಾಡುತ್ತಾನೆ, ಹೆಂಡತಿಗೆ ಉದ್ಯೋಗವಿಲ್ಲ. ಒಟ್ಟು 40 ಗಂಟೆ, ಸರಾಸರಿಯೂ 40. ಸರಾಸರಿ ತೆಗೆಯುವಾಗ ಉದ್ಯೋಗದಲ್ಲಿ ಇರುವವರನ್ನಷ್ಟೇ ಎಣಿಸುವುದರಿಂದ, ಹೆಚ್ಚು ದುಡಿದ ಮನೆ ಕಡಿಮೆ ದುಡಿದಂತೆ ಕಾಣಿಸುತ್ತದೆ. ಡಚ್ ಉದ್ಯೋಗಸ್ಥ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅರೆಕಾಲಿಕ ಉದ್ಯೋಗದಲ್ಲಿರುವವರು. ಅಲ್ಲಿನ ಸರಾಸರಿ ಇಳಿದಿರುವುದಕ್ಕೆ ಅದು ದೊಡ್ಡ ಕಾರಣ.

ಗಡಿಯಾಚೆಗೆ ದುಡಿಯುವವರು

ಗಡಿನಾಡಿನವರು ಗಮನಿಸಲೇಬೇಕಾದ ದೇಶವೆಂದರೆ ಪುಟ್ಟ ಲಕ್ಸೆಂಬರ್ಗ್. ಅಲ್ಲಿನ ನೌಕರರಲ್ಲಿ ಅರ್ಧದಷ್ಟು ಮಂದಿ ಫ್ರಾನ್ಸ್, ಬೆಲ್ಜಿಯಂ, ಜರ್ಮನಿಗಳಿಂದ ದಿನನಿತ್ಯ ಗಡಿ ದಾಟಿ ಬರುವವರು. ಅವರು ದುಡಿದು ಬೆಳೆಸುವ ಸಂಪತ್ತು ಲಕ್ಸೆಂಬರ್ಗಿನ ಲೆಕ್ಕಕ್ಕೆ ಸೇರುತ್ತದೆ. ಅವರನ್ನು ಉದ್ಯೋಗಸ್ಥರೆಂದು ಎಣಿಸುವುದು ಮಾತ್ರ ಅವರು ವಾಸಿಸುವ ದೇಶದ ಮನೆ ಸಮೀಕ್ಷೆ. ತಲಾ ಆದಾಯದಲ್ಲಿ ಲಕ್ಸೆಂಬರ್ಗ್ ಅಷ್ಟು ಎತ್ತರದಲ್ಲಿ ಕಾಣಿಸುವುದಕ್ಕೆ ಇದೂ ಒಂದು ಕಾರಣ.

ತಲಪಾಡಿಯನ್ನು ದಾಟಿ ಮಂಗಳೂರಿನ ಅಂಗಡಿ, ಆಸ್ಪತ್ರೆ, ಕಚೇರಿಗಳಿಗೆ ಹೋಗಿ ಬರುವ ನಮ್ಮವರ ಸ್ಥಿತಿಯೂ ಇಂತಹುದೇ. ಅವರ ದುಡಿಮೆಯ ಫಲ ಕರ್ನಾಟಕದ ಲೆಕ್ಕಕ್ಕೆ, ಅವರ ಉದ್ಯೋಗ ಕೇರಳದ ಲೆಕ್ಕಕ್ಕೆ. ಎಡನೀರಿನಿಂದಲೋ ಮುಳ್ಳೇರಿಯದಿಂದಲೋ ಹೊರಟು ಬಸ್ಸಿನಲ್ಲಿ ಕಳೆಯುವ ಗಂಟೆಗಳು ಯಾವ ರಾಜ್ಯದ ದುಡಿಮೆಯ ಲೆಕ್ಕಕ್ಕೂ ಸೇರುವುದಿಲ್ಲ. 2020ರ ವಸಂತದಲ್ಲಿ ಗಡಿ ಮುಚ್ಚಿದಾಗ ಎಷ್ಟು ಮನೆಗಳ ಅನ್ನ ಆ ಕಡೆಯಿಂದ ಬರುತ್ತಿತ್ತೆಂಬುದನ್ನು ನಾವೆಲ್ಲರೂ ಕಂಡೆವು; ಅಂಕಿಯಾಗಿ ಅದು ಎಲ್ಲಿಯೂ ದಾಖಲಾಗಲಿಲ್ಲ.

ಎರಡು ರಾಜ್ಯಗಳ ನಡುವೆ

ನಮ್ಮಲ್ಲಿ ಇಂತಹ ಹೋಲಿಕೆಗೆ ಆಧಾರವಾಗಿರುವುದು ಕೇಂದ್ರ ಸರಕಾರದ ಆವರ್ತಕ ಕಾರ್ಮಿಕ ಬಲ ಸಮೀಕ್ಷೆ. ಅದರ 2023-24ರ ವರದಿಯಂತೆ 15 ವರ್ಷ ಮೇಲ್ಪಟ್ಟವರಲ್ಲಿ ನಿರುದ್ಯೋಗ ಪ್ರಮಾಣ ದೇಶದಲ್ಲಿ ಶೇ. 3.2, ಕರ್ನಾಟಕದಲ್ಲಿ ಶೇ. 2.7, ಕೇರಳದಲ್ಲಿ ಶೇ. 7.2. ಕೇರಳದ 15ರಿಂದ 29 ವರ್ಷದವರಲ್ಲಿ ಅದು ಶೇ. 29.9, ಈ ವಯಸ್ಸಿನ ಯುವತಿಯರಲ್ಲಂತೂ ಶೇ. 47.1.

ಈ ಅಂಕಿಗಳನ್ನು ಕಂಡ ಹೆತ್ತವರು ಕಂಗಾಲಾಗುವುದು ಸಹಜ. ಆದರೆ ನಿರುದ್ಯೋಗಿ ಎಂದರೆ ಉದ್ಯೋಗವಿಲ್ಲದ ಎಲ್ಲರೂ ಅಲ್ಲ; ಉದ್ಯೋಗವನ್ನು ಹುಡುಕುತ್ತಿರುವವರು ಅಥವಾ ಅದಕ್ಕೆ ಸಿದ್ಧರಿರುವವರು ಮಾತ್ರ. ಪದವಿ ಮುಗಿಸಿ ಪಬ್ಲಿಕ್ ಸರ್ವಿಸ್ ಕಮಿಶನ್ ಪರೀಕ್ಷೆಗೆ ಓದುತ್ತಾ ಉದ್ಯೋಗ ಹುಡುಕುತ್ತಿರುವ ಹುಡುಗಿ ನಿರುದ್ಯೋಗಿಗಳ ಪಟ್ಟಿಯಲ್ಲಿರುತ್ತಾಳೆ. ಶಾಲೆ ಬಿಟ್ಟು ಸಂಬಳವಿಲ್ಲದೆ ಮನೆಯ ಹೊಲದಲ್ಲಿ ದುಡಿಯುವ ಹುಡುಗಿ ಉದ್ಯೋಗಸ್ಥೆ ಎನಿಸಿಕೊಳ್ಳುತ್ತಾಳೆ. ಗ್ರಾಮೀಣ ದಿನಗೂಲಿ ದೇಶದಲ್ಲೇ ಅತಿ ಹೆಚ್ಚಿರುವ ಕೇರಳದಲ್ಲಿ ಓದಿದವರು ತಕ್ಕ ಕೆಲಸಕ್ಕಾಗಿ ಕಾಯುತ್ತಾರೆ. ಕಾಯಲು ಮನೆಯಲ್ಲಿ ಅನುಕೂಲವೂ ಇರುತ್ತದೆ. ಹೀಗೆ ಕಾಯುವುದು ಸಣ್ಣ ಸಂಕಟವಲ್ಲ. ಆದರೆ ಅದಕ್ಕೆ ಬೇಕಾದ ಮದ್ದು ಬೇರೆ, ಹಸಿವಿನಿಂದ ಸಿಕ್ಕ ಕೂಲಿಗೆ ಹೋಗುವವರಿಗೆ ಬೇಕಾದ ಮದ್ದು ಬೇರೆ.

ಕನ್ನಡ ಮಾಧ್ಯಮದಲ್ಲಿ ಓದಿದರೆ ಕೆಲಸ ಸಿಗದೆಂಬ ಮಾತನ್ನು ಈ ಅಂಕಿಗಳ ಜೊತೆ ಸೇರಿಸಿ ಹೇಳುವವರಿದ್ದಾರೆ. ಈ ಸಮೀಕ್ಷೆ ಮಾತೃಭಾಷೆಯನ್ನು ಕೇಳುವುದಿಲ್ಲ. ಯಾವ ಮಾಧ್ಯಮದಲ್ಲಿ ಓದಿದಿರಿ ಎಂದೂ ಕೇಳುವುದಿಲ್ಲ. ಕೇಳದ ಪ್ರಶ್ನೆಗೆ ಉತ್ತರವನ್ನು ಅದರಿಂದ ಹಿಂಡುವುದು ಅಂಕಿಗೂ ನ್ಯಾಯವಲ್ಲ, ಮಕ್ಕಳಿಗೂ ನ್ಯಾಯವಲ್ಲ. ಕನ್ನಡ ಮತ್ತು ಮಲಯಾಳ ಎರಡನ್ನೂ ಬಲ್ಲವರಿಗೆಂದೇ ಈ ಜಿಲ್ಲೆಯಲ್ಲಿ ಗುಮಾಸ್ತ ಹುದ್ದೆಗಳಿವೆ. ಕನ್ನಡ ಮಾಧ್ಯಮದ ಅಧ್ಯಾಪಕ ಹುದ್ದೆಗಳಿವೆ. ಅಂತಹ ಹುದ್ದೆಗೆ ಕನ್ನಡ ತಿಳಿಯದವರು ಬಂದಾಗ ಎರಡು ನಷ್ಟಗಳು ಒಟ್ಟಿಗೆ ಸಂಭವಿಸುತ್ತವೆ: ತರಗತಿಯ ಮಕ್ಕಳ ಪಾಠ ಹಾಳಾಗುತ್ತದೆ, ಕನ್ನಡ ಓದಿದ ಒಬ್ಬರ ಉದ್ಯೋಗವೂ ಹೋಗುತ್ತದೆ. ಮೊದಲನೆಯದರ ಬಗ್ಗೆ ನಾವು ವರ್ಷಗಳಿಂದ ದನಿಯೆತ್ತುತ್ತಿದ್ದೇವೆ. ಎರಡನೆಯದನ್ನು ಅಂಕಿಗಳ ಮೂಲಕ ಮಂಡಿಸಲು ನಮ್ಮ ಕೈಯಲ್ಲಿ ಲೆಕ್ಕವೇ ಇಲ್ಲ.

ಜಗಲಿಯ ಮೇಲಿನ ಗಂಟೆಗಳು

ಲೆಕ್ಕಕ್ಕೆ ಸಿಗದ ದುಡಿಮೆಯ ಚರಿತ್ರೆ ಈ ಪ್ರದೇಶದಲ್ಲಿ ಹಳೆಯದು. ಬೀಡಿ ಕಾರ್ಮಿಕರಿಗೆ ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿಯನ್ನು ವಿಧಿಸಿದ ಕಾಯ್ದೆ 1966ರಲ್ಲಿ ಬಂದಿತು. ಕೇರಳವು ಅದನ್ನು ಜಾರಿಗೊಳಿಸಲು ಹೊರಟಾಗ, 1968ರಲ್ಲಿ ಮಂಗಳೂರಿನ ಬೀಡಿ ಉದ್ಯಮಿಗಳು ಕಣ್ಣೂರು ಜಿಲ್ಲೆಯಲ್ಲಿದ್ದ ತಮ್ಮ ಕೇಂದ್ರಗಳನ್ನು ಮುಚ್ಚಿದರು. ಸುಮಾರು 12,000 ಕಾರ್ಮಿಕರು ಕೆಲಸ ಕಳೆದುಕೊಂಡರು. ಅವರಿಗಾಗಿ 1969ರ ಫೆಬ್ರವರಿಯಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿತು. ಕಾಸರಗೋಡು ಆಗ ಕಣ್ಣೂರು ಜಿಲ್ಲೆಯ ಒಂದು ತಾಲೂಕು. ಪ್ರತ್ಯೇಕ ಜಿಲ್ಲೆಯಾದದ್ದು 1984ರಲ್ಲಿ.

ಕಾನೂನು ಗಂಟೆಗಳನ್ನು ಎಣಿಸಲು ಬಂದಾಗ ಕೆಲಸವೇ ಗಡಿ ದಾಟಿತು, ಕಾರ್ಖಾನೆಯಿಂದ ಮನೆಯ ಜಗಲಿಗೆ ಸರಿಯಿತು. ಅಲ್ಲಿ ಕೂಲಿ ಸಾವಿರ ಬೀಡಿಗೆ ಇಷ್ಟೆಂದು, ಗಂಟೆಗೆ ಲೆಕ್ಕವಿಲ್ಲ. ಅಡುಗೆ, ನೀರು, ಮಕ್ಕಳ ನಡುವೆ ಎಲೆ ಕತ್ತರಿಸಿ, ರಾತ್ರಿ ದೀಪದಡಿ ಕಟ್ಟು ಮುಗಿಸುವ ತಾಯಂದಿರ ಮಕ್ಕಳು ನಮ್ಮ ತರಗತಿಗಳಲ್ಲಿ ಕುಳಿತಿದ್ದಾರೆ. ಅಮ್ಮನಿಗೆ ಏನು ಕೆಲಸವೆಂದು ಕೇಳಿದರೆ, 'ಕೆಲಸವಿಲ್ಲ, ಮನೆಯಲ್ಲೇ' ಎಂಬ ಉತ್ತರ ಬರುವುದುಂಟು. ಸಮೀಕ್ಷೆಯ ಅಧಿಕಾರಿಗೂ ಅದೇ ಉತ್ತರ ದೊರೆತರೆ ಆ ದುಡಿಮೆ ದೇಶದ ಲೆಕ್ಕದಿಂದಲೇ ಅಳಿಸಿಹೋಗುತ್ತದೆ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ 15ರಿಂದ 59 ವರ್ಷದ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 305 ನಿಮಿಷ, ಅಂದರೆ ಐದು ಗಂಟೆಗೂ ಹೆಚ್ಚು ಕಾಲ ವ್ಯಯಿಸುತ್ತಾರೆ. 70 ಗಂಟೆಯ ಉಪದೇಶ ಮಾಡುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಬಿಡುವೂ ಹಕ್ಕಿನ ಮಾತು

ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮೀಜಿಯವರ ಹೆಸರಿನ ಮೊಕದ್ದಮೆಯಿಂದಾಗಿ ನಮ್ಮ ಊರು ಕಾನೂನು ಓದುವವರೆಲ್ಲರಿಗೂ ಪರಿಚಿತ. 1973ರ ಏಪ್ರಿಲ್ 24ರಂದು ತೀರ್ಪು ಬಂದ ಆ ಮೊಕದ್ದಮೆಯಲ್ಲಿ ಮೂಲಭೂತ ಹಕ್ಕುಗಳ ಜೊತೆ ಸಂವಿಧಾನದ ನಿರ್ದೇಶಕ ತತ್ವಗಳೂ ವಿಸ್ತಾರವಾಗಿ ಚರ್ಚೆಗೆ ಬಂದಿದ್ದವು. ಆ ತತ್ವಗಳಲ್ಲಿ 43ನೆಯ ವಿಧಿಯು ಕಾರ್ಮಿಕರಿಗೆ ಜೀವನ ನಡೆಸಲು ಸಾಕಾಗುವ ವೇತನದೊಂದಿಗೆ ಬಿಡುವಿನ ಸಂಪೂರ್ಣ ಅನುಭವ ಮತ್ತು ಸಾಂಸ್ಕೃತಿಕ ಅವಕಾಶಗಳನ್ನೂ ಹೇಳುತ್ತದೆ. ಬಿಡುವನ್ನು ಸಂವಿಧಾನ ಹೆಸರಿಟ್ಟು ಕರೆದಿದೆ. ರಾತ್ರಿಯಿಡೀ ನಡೆಯುತ್ತಿದ್ದ ಯಕ್ಷಗಾನ ಕಾಲಮಿತಿಗೆ ಇಳಿದ ಕಾಲದಲ್ಲಿ, ಭಾಷೆ ಉಳಿಯಲು ಬಿಡುವೂ ಬೇಕೆಂಬುದನ್ನು ನಮಗೆ ಬೇರೆಯವರು ತಿಳಿಸಬೇಕಾಗಿಲ್ಲ. ಮಗುವಿಗೆ ಕನ್ನಡದ ಕಥೆ ಹೇಳುವ ಗಂಟೆಯೂ ಆ ಬಿಡುವಿನಿಂದಲೇ ಹುಟ್ಟಬೇಕು.

ನಾವು ಮಾಡಬಹುದಾದುದು

2025ರ ಜನವರಿಯಿಂದ ಕಾರ್ಮಿಕ ಬಲ ಸಮೀಕ್ಷೆಯು ಜಿಲ್ಲೆಯನ್ನೇ ಮೂಲ ಘಟಕವಾಗಿ ಇರಿಸಿಕೊಂಡು ಮನೆಗಳನ್ನು ಆಯ್ಕೆ ಮಾಡುತ್ತಿದೆ. ಜಿಲ್ಲಾ ಮಟ್ಟದ ಅಂಕಿಗಳು ಲಭ್ಯವಾದಾಗ ಕಾಸರಗೋಡಿಗೆ ಸಂಬಂಧಿಸಿದವನ್ನು ಕನ್ನಡದಲ್ಲೂ ಪ್ರಕಟಿಸಬೇಕೆಂದು ನಮ್ಮ ಸಂಘಟನೆಗಳು ಕೇಳಬೇಕು. ಭಾಷಾ ಅಲ್ಪಸಂಖ್ಯಾತರೆಂದು ಅಧಿಕೃತವಾಗಿ ಗುರುತಿಸಿದ ಪ್ರದೇಶಗಳಲ್ಲಿ ಮಾತೃಭಾಷೆಯ ಒಂದು ಪ್ರಶ್ನೆಯನ್ನು ಸಮೀಕ್ಷೆಗೆ ಸೇರಿಸುವಂತೆ ಮನವಿ ಸಲ್ಲಿಸಬೇಕು.

ಇದಕ್ಕಿಂತ ಹತ್ತಿರದ ಕೆಲಸ ನಮ್ಮ ಮನೆಬಾಗಿಲಿನಲ್ಲಿದೆ. ಜನಗಣತಿಯ ಜನಸಂಖ್ಯಾ ಎಣಿಕೆ 2027ರ ಫೆಬ್ರವರಿಗೆ ನಿಗದಿಯಾಗಿದೆ. ಹಿಂದಿನ ಗಣತಿಗಳು ಪ್ರತಿ ಮನೆಯಲ್ಲಿಯೂ ಮಾತೃಭಾಷೆ, ಬಲ್ಲ ಇತರ ಭಾಷೆಗಳು ಹಾಗೂ ಕೆಲಸ ಇವೆಲ್ಲವನ್ನೂ ಕೇಳಿವೆ. ಮನೆಮಾತು ತುಳು, ಕೊಂಕಣಿ, ಮರಾಠಿ, ಹವ್ಯಕ ಯಾವುದೇ ಇರಲಿ, ಅದನ್ನು ಇದ್ದಂತೆ ಹೇಳೋಣ. ಮನೆಮಾತು ಬೇರೆಯಾದವರು, ಬಲ್ಲ ಭಾಷೆಗಳಲ್ಲಿ ಕನ್ನಡವನ್ನು ಮರೆಯದೆ ಹೇಳೋಣ. ಬೀಡಿ ಕಟ್ಟುವ, ಅಡಿಕೆ ಸುಲಿಯುವ, ಹೈನು ನೋಡಿಕೊಳ್ಳುವ ತಾಯಂದಿರು 'ಕೆಲಸವಿಲ್ಲ' ಎನ್ನದೆ, ಮಾಡುವ ಕೆಲಸವನ್ನು ಹೆಸರಿಸಿ ಬರೆಯಿಸಲಿ. ಎಣಿಕೆದಾರರು ಬಂದಾಗ ಮನೆಯಲ್ಲಿರುವ ಶಾಲಾ ಮಕ್ಕಳು ಪಕ್ಕದಲ್ಲಿ ನಿಂತು, ಬರೆದುದನ್ನು ಓದಿ ಹೇಳಿಸಿಕೊಂಡು, ಸರಿಯಿದೆಯೇ ಎಂದು ನೋಡಲಿ.