ಬುಕ್ ಆಗಿದೆ ಸರಿ, ಟಿಕೆಟ್ ಎಲ್ಲಿ?

ತಾಂಡ್ಯದ ಕಡೆಯಿಂದ ಎಂ.ಎಸ್. ಮಾಡೋಕೆ ವಿದೇಶಕ್ಕೆ ಹೊರಟವರನ್ನು ಒಮ್ಮೆ ಮಾತಾಡಿಸಿ ನೋಡಿ. ವೀಸಾ, ಬ್ಯಾಂಕ್ ಸಾಲ, ಫಾರೆಕ್ಸ್ ಕಾರ್ಡ್, ಕುಕ್ಕರ್, ಚಟ್ನಿಪುಡಿ, ಎಲ್ಲದಕ್ಕೂ ಪಟ್ಟಿ ಇರುತ್ತೆ. ಮೈಸೂರಿನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಫ್ಲೈಬಸ್ ಎಷ್ಟು ಗಂಟೆಗೆ ಅನ್ನೋದೂ ಬಾಯಿಪಾಠ. ಆದರೆ ಅಲ್ಲಿ ವಿಮಾನ ಇಳಿದ ಮೇಲೆ ಯೂನಿವರ್ಸಿಟಿ ಇರೋ ಊರಿಗೆ ಹೋಗುವ ರೈಲಿನ ಬಗ್ಗೆ ಕೇಳಿದರೆ ಒಂದೇ ಉತ್ತರ: "ಬುಕ್ ಆಗಿದೆ." ಬುಕ್ ಆಗೋದು ಬೇರೆ, ಟಿಕೆಟ್ ಕೈಗೆ ಸಿಗೋದು ಬೇರೆ. ಈ ವ್ಯತ್ಯಾಸವನ್ನು ನಾವು ಕಲಿತದ್ದು ನಮ್ಮ ಸೀನಿಯರ್ ಒಬ್ಬರ ದುಡ್ಡಿನಲ್ಲಿ.

ಅವರು ಹೋದದ್ದು ಇಂಗ್ಲೆಂಡಿಗೆ. ರೈಲು ಟಿಕೆಟ್ ಬುಕ್ ಮಾಡಿದ್ದು ಟಿ. ನರಸೀಪುರದಲ್ಲಿರೋ ಸೋದರಮಾವ, ತಮ್ಮ ಕಾರ್ಡಿನಲ್ಲಿ. "ಸ್ಟೇಷನ್ನಿನ ಮೆಷಿನ್‌ನಲ್ಲಿ ಟಿಕೆಟ್ ಪಡೆದುಕೊಳ್ಳಿ" ಅಂತ ಇಮೇಲ್ ಬಂತು, ಜೊತೆಗೆ ಎಂಟು ಅಕ್ಷರದ ಒಂದು ಕೋಡ್. ಇಮಿಗ್ರೇಷನ್ ಕ್ಯೂ ದಾಟಿ, ಎರಡು ಸೂಟ್‌ಕೇಸ್ ಎಳೆದುಕೊಂಡು ಮೆಷಿನ್ ಮುಂದೆ ನಿಂತರೆ, ಅದು ಕೋಡಿಗಿಂತ ಮೊದಲು ಕೇಳಿದ್ದು ಕಾರ್ಡು. ಆ ಬುಕಿಂಗ್‌ಗೆ ದುಡ್ಡು ಕಟ್ಟಿದ ಕಾರ್ಡೇ ಬೇಕಿತ್ತು. ಕಾರ್ಡು ನರಸೀಪುರದ ಬೀರುವಿನಲ್ಲಿ ಭದ್ರವಾಗಿತ್ತು! ಕೌಂಟರಿನ ಕ್ಯೂನಲ್ಲಿ ನಿಂತು ವಿವರಿಸುವಷ್ಟರಲ್ಲಿ ರೈಲು ಹೊರಟಿತ್ತು. ಅಗ್ಗಕ್ಕೆ ಸಿಕ್ಕಿದ್ದ ಟಿಕೆಟ್ಟು ಆ ಒಂದು ರೈಲಿಗೆ ಮಾತ್ರ. ಹೊಸದಕ್ಕೆ ಹೋದ ದುಡ್ಡು ಅವರ ಒಂದು ತಿಂಗಳ ದಿನಸಿ ಖರ್ಚು.

"ಷರತ್ತು ಓದಿಕೊಳ್ಳಬೇಕಿತ್ತು" ಅಂತ ಹೇಳೋದು ಸುಲಭ. ಅದರಲ್ಲಿ ಅರ್ಧ ಸತ್ಯ ಇದೆ. ಇನ್ನರ್ಧ ಏನಂದರೆ, ಮೆಷಿನ್‌ನಿಂದ ಟಿಕೆಟ್ ಪಡೆಯೋ ಈ ಏರ್ಪಾಡು ಆ ಊರಿನಲ್ಲೇ ವಾಸ ಇರೋರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಅವರ ಕಾರ್ಡು ಅವರ ಜೇಬಿನಲ್ಲೇ ಇರುತ್ತೆ. ಹಿಂದಿನ ದಿನವೇ ಹತ್ತಿರದ ಸ್ಟೇಷನ್ನಿಗೆ ಹೋಗಿ ಟಿಕೆಟ್ ತರಬಹುದು. ವಿಮಾನದಿಂದ ಇಳಿದು ರೈಲು ಹಿಡಿಯೋರು ಆ ಮೆಷಿನ್ನಿನ ಮುಖ ನೋಡೋದೇ ರೈಲು ಹೊರಡೋ ಅರ್ಧ ಗಂಟೆ ಮುಂಚೆ. ಅಪ್ಪನ ಕಾರ್ಡಿನಲ್ಲೋ ಮಾವನ ಕಾರ್ಡಿನಲ್ಲೋ ಬುಕ್ ಮಾಡುವ ನಮ್ಮಂಥ ಮನೆಗಳ ಲೆಕ್ಕವನ್ನು ಅಲ್ಲಿ ಯಾರೂ ಹಾಕಿಲ್ಲ.

ನಮ್ಮಲ್ಲೂ ಒಂದು ಕಾಲಕ್ಕೆ ಇಂಥದ್ದೇ ಇತ್ತು. 2002ರಲ್ಲಿ ಐಆರ್‌ಸಿಟಿಸಿ ಆನ್‌ಲೈನ್ ಬುಕಿಂಗ್ ಶುರು ಮಾಡಿದಾಗ ಟಿಕೆಟ್ಟು ಕೊರಿಯರ್‌ನಲ್ಲಿ ಮನೆಗೆ ಬರುತ್ತಿತ್ತು; ಬರೋ ತನಕ ಕಾಯಬೇಕಿತ್ತು. 2005ರಲ್ಲಿ ಇ-ಟಿಕೆಟ್ ಬಂದ ಮೇಲೆ ಆ ತಲೆನೋವು ಹೋಯಿತು. ಹಾಗಂತ ಪೂರ್ತಿ ಮುಗಿದಿಲ್ಲ. ರೈಲ್ವೆಯ ಆ್ಯಪ್‌ನಲ್ಲಿ ಸಾಮಾನ್ಯ ದರ್ಜೆಯ ಟಿಕೆಟ್ ತೆಗೆಯುವಾಗ ಕಾಗದದ ಆಯ್ಕೆ ಒತ್ತಿದವರಿಗೆ ಗೊತ್ತು: ಪ್ರಿಂಟ್ ತೆಗೆದುಕೊಳ್ಳದಿದ್ದರೆ ಮೊಬೈಲ್ ತೋರಿಸಿ ಪ್ರಯೋಜನ ಇಲ್ಲ. ಮೈಸೂರಿನಲ್ಲಿ ಆ ಎಡವಟ್ಟು ಆದರೆ ಹೋಗೋದು ಕೆಲವು ರೂಪಾಯಿ. ಅಲ್ಲಿ ಹೋಗೋದು ಪೌಂಡು, ಯೂರೋ.

ಅದಕ್ಕೇ ಎರಡು ಪ್ರಶ್ನೆ ಮೊದಲೇ ಕೇಳಿಕೊಳ್ಳಬೇಕು ಅನ್ನೋದು ನಮ್ಮ ವಾದ. ಒಂದು, ಟಿಕೆಟ್ ಯಾವ ರೂಪದಲ್ಲಿ, ಎಲ್ಲಿ ಸಿಗುತ್ತೆ? ಎರಡು, ತಡವಾದರೆ ನಷ್ಟ ಯಾರ ತಲೆ ಮೇಲೆ?

ಮೊದಲನೆಯದಕ್ಕೆ ಜಪಾನ್ ಒಳ್ಳೆಯ ಉದಾಹರಣೆ. ಅಲ್ಲಿ 1987ರಲ್ಲಿ ರಾಷ್ಟ್ರೀಯ ರೈಲ್ವೆಯನ್ನು ಒಡೆದು ಪ್ರಯಾಣಿಕರಿಗೆ ಆರು ಪ್ರಾದೇಶಿಕ ಕಂಪನಿ ಮಾಡಿದರು. ಒಂದು ಕಂಪನಿಯ ಸೈಟಿನಲ್ಲಿ ಬುಕ್ ಮಾಡಿದ ಟಿಕೆಟ್ಟು ಇನ್ನೊಂದರ ಮೆಷಿನ್‌ನಲ್ಲಿ ಬರುತ್ತೆ ಅನ್ನೋ ಖಾತ್ರಿ ಇಲ್ಲ. ಹೊರಗಿನವರ ಕಣ್ಣಿಗೆ ಎಲ್ಲವೂ "ಜೆಆರ್" ಅಷ್ಟೇ!

ಎರಡನೆಯದಕ್ಕೆ ನಿಯಮಗಳು ಇವೆ. ಬ್ರಿಟನ್ನಿನಲ್ಲಿ ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನದಕ್ಕೆ ಹತ್ತಬಹುದು. ಯುರೋಪಿಯನ್ ಒಕ್ಕೂಟದಲ್ಲಿ 2023ರ ಜೂನ್ 7ರಿಂದ ಜಾರಿಯಲ್ಲಿರೋ ನಿಯಮದಂತೆ, ಇಡೀ ಪ್ರಯಾಣಕ್ಕೆ ಒಂದೇ ಟಿಕೆಟ್ ಇದ್ದು ತಲುಪೋದು 60 ನಿಮಿಷ ಅಥವಾ ಹೆಚ್ಚು ತಡ ಆಗುವಂತಿದ್ದರೆ, ಹಣ ವಾಪಸ್ ಕೇಳಬಹುದು ಅಥವಾ ಬೇರೆ ರೈಲಿನಲ್ಲಿ ಹೋಗಬಹುದು. ನಮ್ಮ ರೈಲ್ವೆಯಲ್ಲೂ 2019ರ ಏಪ್ರಿಲ್‌ನಿಂದ ಎರಡು ಪಿಎನ್‌ಆರ್ ಜೋಡಿಸಿಕೊಳ್ಳಬಹುದು. ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ ಅದರ ಹಣ ಕಡಿತವಿಲ್ಲದೆ ಬರುತ್ತೆ. ಆದರೆ ಗಮನಿಸಿ, ಇವೆಲ್ಲ ರೈಲಿನಿಂದ ರೈಲಿಗೆ. ವಿಮಾನ ತಡವಾಗಿ ರೈಲು ತಪ್ಪಿದರೆ ಸಾಮಾನ್ಯವಾಗಿ ನಷ್ಟ ನಮ್ಮದೇ. ಫ್ರಾಂಕ್‌ಫರ್ಟ್‌ನಲ್ಲಿ ಲುಫ್ತಾನ್ಸಾ ಕೊಡುವಂತೆ ವಿಮಾನ-ರೈಲು ಎರಡೂ ಒಂದೇ ಬುಕಿಂಗ್‌ನಲ್ಲಿ ಇದ್ದರೆ ಮಾತ್ರ, ಮುಂದಕ್ಕೆ ಕಳಿಸುವ ಹೊಣೆ ಅವರದು.

ಹಾಗಾಗಿ ಮೊಬೈಲಿಗೆ ಬರೋ ಇ-ಟಿಕೆಟ್ ಇದ್ದರೆ ಅದನ್ನೇ ತಗೊಳ್ಳಿ. ಮೊಬೈಲ್ ಚಾರ್ಜ್ ಮುಗಿದರೆ ಅಂತ ಪಿಡಿಎಫ್ ಪ್ರಿಂಟೂ ಇರಲಿ. ಮೆಷಿನ್ನೇ ಗತಿ ಅಂದರೆ ನಿಮ್ಮ ಜೊತೆ ಬರೋ ಕಾರ್ಡಿನಲ್ಲೇ ದುಡ್ಡು ಕಟ್ಟಿ, ಕೋಡನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಇಳಿದ ದಿನದ ಮೊದಲ ರೈಲಿಗೆ "ಈ ರೈಲಿಗೆ ಮಾತ್ರ" ಅನ್ನೋ ಟಿಕೆಟ್ ಬೇಡ. ಸ್ವಲ್ಪ ದುಬಾರಿಯಾದರೂ ಯಾವ ರೈಲಿಗಾದರೂ ಹತ್ತಬಹುದಾದ ಟಿಕೆಟ್ಟೇ ಕೊನೆಗೆ ಅಗ್ಗ. ಒಂದೇ ಪ್ರಯಾಣದಲ್ಲಿ ಎರಡು ಮೂರು ರೈಲು ಇದ್ದರೆ ಎಲ್ಲ ಟಿಕೆಟ್‌ಗಳನ್ನೂ ಮೊದಲ ಸ್ಟೇಷನ್ನಿನಲ್ಲೇ ತೆಗೆದುಕೊಳ್ಳಿ. ನಡುದಾರಿಯ ಹತ್ತು ನಿಮಿಷದಲ್ಲಿ ಮೆಷಿನ್ ಹುಡುಕೋದು ಬೇಡ.

ಪ್ರತಿ ವರ್ಷ ನಮ್ಮ ಕಾಲೇಜಿನಲ್ಲಿ ಜಿಆರ್‌ಇ ಬಗ್ಗೆ, ಸ್ಕಾಲರ್‌ಶಿಪ್ ಬಗ್ಗೆ ಸೆಮಿನಾರ್ ಆಗುತ್ತೆ, ಆಗಲಿ. ಅದರ ಜೊತೆ ಒಂದು ಗಂಟೆ, ಈಗಾಗಲೇ ಹೋಗಿರೋ ಸೀನಿಯರ್‌ಗಳನ್ನು ವಿಡಿಯೊ ಕಾಲ್‌ನಲ್ಲಿ ಕೂರಿಸಿ, ಕನ್ನಡದಲ್ಲೇ, ಇಳಿದ ಮೊದಲ ದಿನದ ಬಗ್ಗೆ ಮಾತ್ರ ಮಾತಾಡಿಸಬಾರದೇ? ಮನೆಯಲ್ಲಿ ಮೊದಲ ಬಾರಿಗೆ ವಿಮಾನ ಹತ್ತುವವರು ನಮ್ಮಲ್ಲಿ ಬಹಳ ಜನ. ಅವರ ಅಪ್ಪ ಅಮ್ಮನೂ ಬಂದು ಕೇಳಲಿ. ಕಾರ್ಡು ಇರೋದು ಅವರ ಹತ್ತಿರ ತಾನೇ?